ದಿನ್ನೆಯನ್ನು ಚಂದ್ರ ಎಂದುಕೊಳ್ಳಿ

ಒಂದೇ ಒಂದು ಕೆಲಸ. ಅತ್ತೆಯ ಮನೆಯ ಮಾಳಿಗೆಗೆ ಒಂದು ಚಕ್ಕಡಿ ಮಣ್ಣು ಹಾಕಿಸಿ ಬರುವುದು. ಇದರಲ್ಲಿ ಕೆಡಿಸಲು ಏನಿದೆ, ನೀವೇ ಹೇಳಿ!

"ಏನ್ರಿ, ಮಣ್ಣು ಹಾಕ್ಸೂದಷ್ಟ ಮಾಡ್ರಿ. ಬ್ಯಾರೆ ಯಾವುದಕ್ಕೂ ಕೈ ಹಾಕಬ್ಯಾಡ್ರಿ. ಬಾಯಂತೂ ಹಾಕಾಕ ಹೋಗಬ್ಯಾಡ್ರಿ," ಎಂದು ನನ್ನ ಹೆಂಡತಿ ಸುವರ್ಣಾ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು.

"ನಾ ಏನ ಸಣ್ಣ ಹುಡುಗನೇನ?" ಎಂದೆ.

"ಸಣ್ಣ ಹುಡುಗ ಆಗಿದ್ರ ಚಿಂತಿ ಇರಲಿಲ್ಲ," ಎಂದಳು. ಬಸ್ಸು ಹೊರಟಿತು.

ಅವಳ ತವರು ರಾಮದುರ್ಗ ತಾಲೂಕಿನಲ್ಲಿ, ಸಾಲಹಳ್ಳಿಯಿಂದ ಸ್ವಲ್ಪ ಆಚೆಗೆ ಇರುವ ಒಂದು ಸಣ್ಣ ಊರು. ಊರಿನ ಹೆಸರು ಬರೆಯಕೂಡದೆಂದು ತಾಕೀತಾಗಿದೆ. ಆ ಊರಿಗೆ ನನ್ನಿಂದ ಆದದ್ದೇ ಸಾಕಂತೆ.

ಅತ್ತೆ ನೀಲವ್ವನ ಮನೆ ಹಳೆಯ ಕಾಲದ ಮಣ್ಣಿನ ಮಾಳಿಗೆಯದು. ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಮೇಲೊಂದು ತೆಳುವಾದ ಪದರ ಕರಲು ಮಣ್ಣು ಬೀಳಬೇಕು. ಕರಲು ಎಂದರೆ ಉಪ್ಪುಪ್ಪಾದ ಬೂದು ಮಣ್ಣು. ಹೊಲದಲ್ಲಿ ಅದಿದ್ದರೆ ಏನೂ ಬೆಳೆಯುವುದಿಲ್ಲ. ಮಾಳಿಗೆಯ ಮೇಲೆ ಅದಿದ್ದರೆ ಏನೂ ಸೋರುವುದಿಲ್ಲ. ನೀರು ತಾಗಿದ ಕೂಡಲೇ ಅಂಟಿನಂತೆ ಕೂಡಿಕೊಂಡು ಕೂತುಬಿಡುತ್ತದೆ. ಕೆಳಗೆ ಅತ್ತೆಯ ವರ್ಷದ ಜೋಳದ ಚೀಲಗಳಿದ್ದವು. ವರ್ಷವೂ ಈ ಕೆಲಸ ಮಾಡಿಸುತ್ತಿದ್ದ ಮೈದುನ ಲಾರಿ ತೆಗೆದುಕೊಂಡು ಗುಜರಾತಿಗೆ ಹೋಗಿದ್ದ. ಮಿರಗ, ಅಂದರೆ ಮೃಗಶಿರಾ ಮಳೆ ಇಂದೋ ನಾಳೆಯೋ ಎನ್ನುವಂತಿತ್ತು. ಹೀಗಾಗಿ ಅಳಿಯನಿಗೆ ಬುಲಾವು.

ನನ್ನದು ಬೈಲಹೊಂಗಲದಲ್ಲಿ ಕನ್ನಡಕದ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲು ನೋಡುತ್ತೇನೆ, ಅಂದರೆ ದಿನವಿಡೀ ನೋಡುತ್ತೇನೆ. ಆ ವಾರ ನೋಡಿದ್ದು ಆಕಾಶದ ಗಣಿಗಾರಿಕೆಯ ವಿಡಿಯೋ. ಚಂದ್ರನಲ್ಲಿ ಏನಿದೆ, ಅಗೆದರೆ ಯಾರದು, ಕಾನೂನು ಏನನ್ನುತ್ತದೆ, ಎಲ್ಲವನ್ನೂ ಒಬ್ಬರು ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ದರು. ಅರ್ಧಕ್ಕೆ ಗಿರಾಕಿ ಬಂದರು. ಉಳಿದರ್ಧ ನೋಡಲಿಲ್ಲ. ನನ್ನಂಥವನಿಗೆ ಅರ್ಧ ಸಾಕು ಎನ್ನಿಸಿತು!

ಸಂಜೆ ಊರು ಮುಟ್ಟಿ, ಅತ್ತೆ ಕೊಟ್ಟ ಚಹಾ ಕುಡಿದು, ಹಿಟ್ಟಿನ ಗಿರಣಿಯ ಕಟ್ಟೆಗೆ ಹೋದೆ. ಕೆಲಸದ ಮೇಲೆಯೇ ಹೋದದ್ದು. ಮಣ್ಣು ತರುವ ಚಕ್ಕಡಿ ಖಾದರಸಾಬರದು, ಅವರು ಸಂಜೆ ಅಲ್ಲೇ ಕೂಡುತ್ತಾರೆ. ನಾನು ಇಡೀ ಊರಿಗೇ ಅಳಿಯ. ಅವರು ನನಗೆ ಖಾದರಮಾವ.

"ಬರ್ರಿ ಅಳಿಯಂದ್ರ, ಕುಂಡ್ರರಿ. ನಾಳೆ ಮುಂಜಾನಿ ಚಕ್ಕಡಿ ಹೂಡತೇನಿ. ಒಂದು ಹೇರು ಸಾಕು ನಿಮ್ಮ ಅತ್ತಿ ಮಾಳಗಿಗೆ," ಎಂದರು.

ಕೆಲಸ ಮುಗಿಯಿತು. ಎದ್ದು ಬರಬೇಕಿತ್ತು. ಆದರೆ ಗಿರಣಿಯ ತಗಡಿನ ಹಿಂದಿನಿಂದ ಚಂದ್ರ ಎದ್ದ. ಅವನಿಗೂ ಅದೇ ಹೊತ್ತು ಸಿಗಬೇಕೆ!

"ಅಳಿಯಂದ್ರ, ಚಂದ್ರನ ಮ್ಯಾಗ ನಮ್ಮ ದೇಶದವ್ರು ಯಂತ್ರ ಇಳಿಸ್ಯಾರಲ್ಲ, ಅಷ್ಟ ಜಾಗಾ ಈಗ ನಮ್ಮದಾತೇನ್ರಿ?" ಎಂದು ಖಾದರಮಾವ ಕೇಳಿದರು.

ಇಂಥ ಪ್ರಶ್ನೆಯನ್ನು ನನ್ನ ಜೀವಮಾನದಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಧೋತರ ಸರಿಪಡಿಸಿಕೊಂಡು ಕೂತೆ. ಹಿಟ್ಟು ಬೀಸಿಸಲು ಬಂದ ಹೆಂಗಸರು ಪುಟ್ಟಿ ಕೆಳಗಿಟ್ಟು ನಿಂತರು.

"ಆಗೂದಿಲ್ಲ ಮಾವಾ. ಚಂದ್ರ ಯಾವ ದೇಶದ್ದೂ ಅಲ್ಲ. ಹಂಗಂತ ಎಲ್ಲಾ ದೇಶ ಕೂಡಿ ಹಿಂದಕ ಒಪ್ಪಂದ ಮಾಡಿಕೊಂಡಾವು. ಆದ್ರ ಅಮೆರಿಕಾ, ಜಪಾನು, ಇನ್ನೂ ಒಂದೆರಡು ದೇಶ ಆಮ್ಯಾಲ ತಮ್ಮ ತಮ್ಮ ಕಾನೂನು ಮಾಡ್ಯಾವು. ಜಾಗಾ ಯಾರದೂ ಅಲ್ಲ, ಖರೆ. ಅಗದು ತಗದದ್ದು ಮಾತ್ರ ಅಗದವಂದ!"

"ಇದೆಂಥಾದ್ದರಿ? ತಿಳೀಲಿಲ್ಲ," ಎಂದರು.

ಜನರಿಗೆ ತಿಳಿಯುವಂತೆ ಹೇಳಬೇಕು. ಅದೇ ನನ್ನ ದೊಡ್ಡ ಗುಣ. ಸುತ್ತ ನೋಡಿದೆ. ಊರ ಹೊರಗೆ ಹಳ್ಳದ ದಂಡೆಗೆ ಕರಲು ಮಣ್ಣಿನ ದಿನ್ನೆ ಬೆಳದಿಂಗಳಿಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಆ ದಿನ್ನಿ ಐತಲ್ಲ, ಅದನ್ನ ಚಂದ್ರ ಅಂತ ತಿಳೀರಿ," ಎಂದೆ.

ಊರು ಮುಳುಗಿದ್ದು ಈ ಒಂದು ವಾಕ್ಯದಿಂದ.

"ದಿನ್ನಿ ಯಾರ ಹೆಸರಿಲೆ ಐತಿ? ಯಾರ ಹೆಸರಿಲೇನೂ ಇಲ್ಲ. ಆದ್ರ ಅಗದು ಹೇರಿದ ಮಣ್ಣು ಅಗದಾಂವಂದು. ಅಷ್ಟ!"

ಆಗ ಕಟ್ಟೆಯ ತುದಿಯಿಂದ ಬಾಳಪ್ಪ ಕೆಮ್ಮಿದ. ಇವನು ತೀರಿಕೊಂಡ ಮಾವನವರ ಅಣ್ಣತಮ್ಮಂದಿರ ಪೈಕಿಯ ಹುಡುಗ. ಹೊಸದಾಗಿ ಜೇಸಿಬಿ ಕೊಂಡಿದ್ದ. ಕೆಲಸ ಸಿಗದೆ ಅದು ಅವನ ಮನೆಯ ಮುಂದೆ ಎಮ್ಮೆಯ ಪಕ್ಕದಲ್ಲಿ ನಿಂತಿತ್ತು.

"ಮಾಮಾ, ಎಷ್ಟು ಅಗೀಬಹುದಂತ ಕಾನೂನಿನ್ಯಾಗ ಐತೇನ್ರಿ?"

"ಇಲ್ಲ ಬಾಳಪ್ಪ. ಅದನ್ನ ಯಾರೂ ಬರದಿಲ್ಲ."

"ಮಷೀನು ಹಚ್ಚಬಹುದ್ರಿ?"

"ಚಂದ್ರನ ಮ್ಯಾಗ ಸಲಿಕಿ ಹಿಡಕೊಂಡು ಯಾರು ಹೊಕ್ಕಾರೋ? ಮಷೀನೇ ಹಚ್ಚಬೇಕು!"

"ನಾ ಅಗಿಯೂ ಮುಂದ ಬ್ಯಾರೆಯವ್ರು ಅಡ್ಡ ಬಂದ್ರ?"

"ಅದಕ್ಕ ಸುರಕ್ಷತಾ ವಲಯ ಅಂತ ಮಾಡ್ತಾರ. ಕೆಲಸ ನಡದಲ್ಲೆ ಸುತ್ತ ಒಂದು ಗೆರಿ. ಉಳದವ್ರು ಆಚೆ ಕಡೆ," ಎಂದು ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಎಂಥ ಚೆಂದದ ಗೆರೆ!

ಬಾಳಪ್ಪ ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೋದ. ವಿದ್ಯೆಗೆ ಸಿಕ್ಕ ಗೌರವ ಎಂದುಕೊಂಡೆ.

ಮುಂಜಾನೆ ಅತ್ತೆ ಬುಟ್ಟಿ ಹಿಡಿದು ದಿನ್ನೆಗೆ ಹೋದಳು. ನಾನು ಸುಸಲಾ ತಿನ್ನುತ್ತಿದ್ದೆ. ಖಾದರಮಾವ ಖಾಲಿ ಚಕ್ಕಡಿಯೊಂದಿಗೆ ಬಂದು ಬಾಗಿಲಲ್ಲಿ ನಿಂತರು.

"ಅಳಿಯಂದ್ರ, ನಿಮ್ಮ ಕಾನೂನು ಎದ್ದು ಕೆಲಸಕ್ಕ ಹತ್ತೈತಿ. ಬಂದು ನೋಡ್ರಿ."

ಹೋಗಿ ನೋಡಿದೆ. ದಿನ್ನೆಯ ಸುತ್ತ ಗೂಟ ಹೊಡೆದು ಹಳೆಯ ಸೀರೆಗಳನ್ನು ಕಟ್ಟಲಾಗಿತ್ತು. ಒಳಗೆ ಜೇಸಿಬಿ ದಿನ್ನೆಯ ಹೊಟ್ಟೆಗೇ ಬಾಯಿ ಹಾಕಿತ್ತು. ಹೊರಗೆ ಬುಟ್ಟಿ ಹಿಡಿದ ಹೆಂಗಸರು. ಎಲ್ಲರ ಮುಂದೆ ನನ್ನ ಅತ್ತೆ.

"ಬಾಳ್ಯಾ, ಏನೋ ಇದು? ಮಳಿ ತಲಿ ಮ್ಯಾಲ ಬಂದೈತಿ, ಮಣ್ಣು ತುಂಬಗೊಡೋ," ಎನ್ನುತ್ತಿದ್ದಳು.

"ದೊಡ್ಡವ್ವಾ, ಇದು ಸುರಕ್ಷತಾ ವಲಯ. ಒಳಗ ಬರಬ್ಯಾಡ. ಬೇಕಾದ್ರ ನಿನ್ನ ಅಳಿಯಂದ್ರನ್ನ ಕೇಳು, ಅಲ್ಲೇ ನಿಂತಾರ."

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಕಣ್ಣು ಪರೀಕ್ಷಿಸುವುದು ನನ್ನ ಉದ್ಯೋಗ. ಅಷ್ಟು ಚುರುಕಾದ ಕಣ್ಣುಗಳನ್ನು ನಾನು ಎಲ್ಲಿಯೂ ಕಂಡಿರಲಿಲ್ಲ!

ಸೀರೆಯ ಬೇಲಿಯ ಹತ್ತಿರ ಹೋಗಿ, "ಬಾಳಪ್ಪ, ನಿನ್ನೆ ಒಂದು ಹೇಳೂದ ಮರತಿದ್ದೆ. ಚಂದ್ರನ ಬಗ್ಗೆ ಇನ್ನೊಂದು ಒಪ್ಪಂದ ಐತಿ. ಅಲ್ಲಿರೂದೆಲ್ಲಾ ಎಲ್ಲಾ ಮನಷ್ಯಾರ ಆಸ್ತಿ, ಹಂಚಿಕೊಂಡು ತಿನ್ನಬೇಕು ಅಂತ ಅದರಾಗ ಬರದಾರ," ಎಂದೆ.

"ಯಾರ‍್ಯಾರು ಒಪ್ಯಾರ್ರಿ ಅದನ್ನ?"

"ರಾಕೆಟ್ ಇದ್ದ ದೊಡ್ಡ ದೇಶದವ್ರು ಯಾರೂ ಅಷ್ಟು... ಒಪ್ಪಿಲ್ಲ."

"ನಮ್ಮ ದೇಶ?"

"ಸಹಿ ಮಾಡೇತಿ. ಮಂಜೂರು ಮಾಡಿಲ್ಲ."

"ನನ್ನದೂ ಹಂಗ ತಿಳೀರಿ ಮಾಮಾ," ಎಂದ ಬಾಳಪ್ಪ. "ನಾ ಈಗ ಸಹಿ ಮಾಡತೇನಿ. ಮನ್ಯಾಗ ಮಂಜೂರಾಗೂದಿಲ್ಲ."

ಜೇಸಿಬಿ ಮತ್ತೆ ಗುರ್ ಎಂದಿತು.

ಇದನ್ನು ಕಂಡವರು ಸುಮ್ಮನಿರುತ್ತಾರೆಯೇ? ಎಲ್ಲವನ್ನೂ ಅವನೇ ಒಯ್ದರೆ ನಮಗೇನು ಉಳಿಯಿತು ಎಂದು ಒಬ್ಬ ಟ್ರ್ಯಾಕ್ಟರ್ ತಂದ. ಅವನನ್ನು ನೋಡಿ ಇನ್ನೊಬ್ಬ ತಂದ. ಮನೆಗೆ ತಗಡು ಹಾಕಿಸಿದ್ದವರೂ ತಂದರು! ಸೀರೆಯ ಬೇಲಿ ಗಾಲಿಗೆ ಸುತ್ತಿಕೊಂಡಿತು. ವರ್ಷವೂ ಹೆಂಗಸರು ಹಾಡುತ್ತ, ಕೈಲಾಗದವರ ಬುಟ್ಟಿಯನ್ನು ಮೊದಲು ತುಂಬಿಕೊಟ್ಟು, ಮೇಲಿನ ಮಣ್ಣನ್ನಷ್ಟೇ ಕೆರೆದು ಒಯ್ಯುತ್ತಿದ್ದ ಜಾಗ ಅದು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ದಿನ್ನೆ ಇರಲಿಲ್ಲ. ಕುಳಿಗಳಿದ್ದವು. ಈಗ ಅದು ನಿಜಕ್ಕೂ ಚಂದ್ರನಂತೆ ಕಾಣುತ್ತಿತ್ತು.

ನಾನು ಏನು ಮಾಡಿದೆ? ನಾನೂ ಓಡಿದೆ! "ಮಾವಾ, ನಮಗೂ ಒಂದು ಹೇರು ಆಗಬೇಕು!" ಎಂದು ಕುಳಿಗೆ ಇಳಿದೆ.

"ಏನ ಹೇರಲಿ ಅಳಿಯಂದ್ರ? ಮ್ಯಾಲಿನ ಕರಲು ಹೋತು. ತಳದಾಗ ಬರೇ ಗರಸು, ಹಳ್ಳು ಉಸುಕು. ನೀರು ತಡಿಯೂದಿಲ್ಲ," ಎಂದರು ಖಾದರಮಾವ.

"ಒಂದ ದಿನ್ನಿ, ಒಂದ ಮಣ್ಣು. ಹೇರ್ರಿ!" ಎಂದೆ. ಸಿಟ್ಟಿನಲ್ಲಿ ಅಲ್ಲ, ಹೆದರಿಕೆಯಲ್ಲಿ.

ಚಕ್ಕಡಿಯಿಂದ ಅಂಗಳಕ್ಕೆ ಬಿದ್ದ ಗರಸನ್ನು ಅತ್ತೆ ಒಂದು ಹಿಡಿ ಎತ್ತಿ ಬೆರಳಿನಲ್ಲಿ ತಿಕ್ಕಿ ನೋಡಿದಳು. ಬೇರೆ ಯಾರಾದರೂ ತಂದಿದ್ದರೆ ಚಕ್ಕಡಿ ಸಮೇತ ಹಿಂದೆ ಕಳಿಸುತ್ತಿದ್ದಳು. ಅಳಿಯ ತಂದದ್ದು. "ಹಾಕ್ರಿ," ಎಂದು ಒಳಗೆ ಹೋದಳು.

ಮಾಡಿದ ತಪ್ಪನ್ನು ದುಡಿದು ತೀರಿಸೋಣವೆಂದು ನಾನೇ ಮಾಳಿಗೆ ಹತ್ತಿದೆ. ಹೊಸದನ್ನು ಹಾಕುವ ಮೊದಲು ಹಳೆಯದನ್ನು ತೆಗೆಯಬೇಕಲ್ಲವೇ? ಕನ್ನಡಕದ ವ್ಯವಹಾರದಲ್ಲಿ ಹಾಗೆಯೇ. ಗಟ್ಟಿಯಾಗಿ ಕೂತಿದ್ದ ಹಳೆಯ ಪದರವನ್ನೆಲ್ಲ ಸಲಿಕೆಯಿಂದ ಎಬ್ಬಿಸಿ ಅಂಗಳಕ್ಕೆ ನೂಕಿದೆ. ದೇವರ ಮನೆಯ ಮೇಲಿನ ಮೂಲೆಯಷ್ಟೇ ಉಳಿದಿದ್ದಾಗ ಫೋನು ಬಂತು.

"ಮಣ್ಣು ಬಿತ್ತಾ?" ಸುವರ್ಣಾ.

"ಬೀಳಾಕ ಹತ್ತೈತಿ."

"ಏನ್ರಿ, ಹೇಳೂದ ಮರತಿದ್ದೆ. ಹಳೇ ಮಣ್ಣಿಗೆ ಸಲಿಕಿ ಹಚ್ಚಬ್ಯಾಡ್ರಿ. ನಮ್ಮಪ್ಪ ಇದ್ದಾಗಿಂದ ಕುಂತ ಮಣ್ಣದು. ಅದರ ಮ್ಯಾಲ ತೆಳ್ಳಗ ಉದುರಿಸಿದ್ರ ಸಾಕು. ಮುಟ್ಟಿಲ್ಲ ಹೌದಲ್ಲ?"

ಕೆಳಗೆ ಅಂಗಳದಲ್ಲಿ ಮಾವನವರ ಕಾಲದ ಮಣ್ಣು ಗರಸಿನೊಂದಿಗೆ ಕಲೆತು ಗುಡ್ಡೆಯಾಗಿ ಬಿದ್ದಿತ್ತು. ಅದರ ಮೇಲೆ ಒಂದು ಕೋಳಿ ಕೆದರುತ್ತಿತ್ತು.

"ಒಂದು ಮೂಲಿ ಮುಟ್ಟಿಲ್ಲ," ಎಂದೆ. ಸುಳ್ಳು ಹೇಳಲಿಲ್ಲ! ಫೋನಿಟ್ಟು, ಎಬ್ಬಿಸಿದ ಕಡೆಯೆಲ್ಲ ಗರಸನ್ನೇ ಹರಡಿದೆ.

ಬಾಳಪ್ಪ ಸಂಜೆ ಮಣ್ಣು ಮಾರಲು ಹೊರಟ. ಯಾರಿಗೆ ಮಾರುತ್ತಾನೆ? ಪ್ರತಿ ಮನೆಯ ಮುಂದೆಯೂ ಮಾಳಿಗೆಯ ಎತ್ತರಕ್ಕೆ ರಾಶಿ. ಪಕ್ಕದ ಊರಿಗೆ ಒಯ್ದರೆ ಅಲ್ಲಿ ಕೈಯಲ್ಲಿ ತಿಕ್ಕಿ ನೋಡಿ, ಕರಲಿಗೆ ಗರಸು ಬೆರೆತದ್ದು ಕಂಡು ನಕ್ಕು ಕಳಿಸಿದರು. ಡೀಸೆಲ್ ಸುಟ್ಟುಕೊಂಡು ಮರಳಿ ಬಂದು, ಎಮ್ಮೆಗೆ ನಿಲ್ಲಲು ಜಾಗವಿಲ್ಲದಂತೆ ಮನೆಯ ಮುಂದೆಯೇ ಸುರಿದುಕೊಂಡ. ಆಗ ನಾನು ಅತ್ತೆಯ ಪಡಸಾಲೆಯಲ್ಲಿ ಕೂತು ಆ ವಿಡಿಯೋದ ಉಳಿದರ್ಧ ನೋಡಿದೆ. ಆಕಾಶದಿಂದ ಬಂಗಾರದ ಬಂಡೆಯನ್ನೇ ಹೊತ್ತು ತಂದರೂ, ಎಲ್ಲರ ಕೈಗೂ ಸಿಕ್ಕ ಮೇಲೆ ಅದಕ್ಕೆ ಕಲ್ಲಿನ ಬೆಲೆ. ಮೊದಲು ಹೋದವರು ದೋಚಿದರೆ ಹಿಂದೆ ಬಂದವರಿಗೆ ಕುಳಿ. ಆದ್ದರಿಂದ ಅಗೆಯುವ ಮೊದಲು ಎಲ್ಲರೂ ಕೂತು ಮಾತಾಡಿ ಒಂದು ಕಟ್ಟುಪಾಡು ಮಾಡಿಕೊಳ್ಳಬೇಕು. ಎಲ್ಲವನ್ನೂ ಹೇಳಿದ್ದರು. ಪಾಪ, ಬಹಳ ಚೆನ್ನಾಗಿ ಹೇಳಿದ್ದರು. ಆ ಕಟ್ಟುಪಾಡು ಈ ಊರಿನಲ್ಲಿ ನಿನ್ನೆಯವರೆಗೂ ಇತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮಿರಗ ಮಳೆ ಬಂತು.

ಗರಸಿನ ಮಾಳಿಗೆ ಜರಡಿಯ ಹಾಗೆ ನೀರು ಬಿಟ್ಟಿತು. ಅಡುಗೆಮನೆಯಲ್ಲಿ ಸೋರಿತು, ಪಡಸಾಲೆಯಲ್ಲಿ ಸೋರಿತು. ಅತ್ತೆ ಮತ್ತು ನಾನು ಜೋಳದ ಚೀಲಗಳನ್ನು ಎಳೆದೆಳೆದು ದೇವರ ಮನೆಗೆ ಸಾಗಿಸಿದೆವು. ಅಲ್ಲೊಂದೇ ಸೋರುತ್ತಿರಲಿಲ್ಲ, ನನ್ನ ಸಲಿಕೆ ಮುಟ್ಟದ ಮೂಲೆ ಅದು. ಬಾಗಿಲಿನ ಹತ್ತಿರದ ಎರಡು ಚೀಲ ತೊಯ್ದೇಹೋದವು. ಓಣಿಯುದ್ದಕ್ಕೂ ಅದೇ ಬೆರಕೆ ಮಣ್ಣು ಹಾಕಿದ ಮನೆಮನೆಯಿಂದ, ಸೋರುವ ನೀರಿಗೆ ಇಟ್ಟ ಪಾತ್ರೆಗಳ ಸದ್ದು. ನಡುನಡುವೆ, "ಏ ಅಳಿಯಂದ್ರಽ, ಚಂದ್ರ ಸೋರಾಕ ಹತ್ತೈತ್ರೀ!" ಎಂದು ಖಾದರಮಾವನ ಕೂಗು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚೀಲಗಳೆಲ್ಲ ಒಳಗಾದ ಮೇಲೆ ದೇವರ ಮನೆಯಲ್ಲಿ ಒಬ್ಬರು ಕೂಡುವಷ್ಟು ಒಣ ಜಾಗ ಉಳಿಯಿತು. ಅತ್ತೆ ಅಲ್ಲೊಂದು ಕಂಬಳಿ ಹಾಸಿದಳು.

"ಕುಂಡ್ರರಿ."

"ನೀವು ಕುಂಡ್ರರಿ ಅತ್ತಿ, ನಾ ಹೊರಗ ಇರತೇನಿ."

"ಅಳಿಯಂದ್ರನ್ನ ಹನಿಯಾಗ ಕುಂಡ್ರಿಸಿದ್ಲು ಅಂತ ಊರು ನನಗ ಆಡಿಕೊಳ್ಳಲೇನು? ಕುಂಡ್ರರಿ."

ಕೂತೆ. ಅವಳು ಹೊಸ್ತಿಲ ಆಚೆ, ತಲೆಯ ಮೇಲೆ ಗೋಣಿಚೀಲ ಕೊಪ್ಪೆ ಹಾಕಿಕೊಂಡು, ಸೋರುವ ಒಲೆಯ ಮುಂದೆ ಕೂತು ಹಸಿ ಕಟ್ಟಿಗೆ ಊದಿ ಊದಿ ಚಹಾ ಮಾಡಿ ನನಗೆ ಕೊಟ್ಟಳು. ಬಿಸಿ ಚಹಾ. ಕಪ್ಪಿನ ಕೆಳಗೆ ಬಸಿ ಬೇರೆ! ಅವಳ ಹೆಗಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳುತ್ತ ಅತ್ತೆ ಕೇಳಿದಳು:

"ಅಳಿಯಂದ್ರ, ಚಂದ್ರನ ಮ್ಯಾಗ ಮಳಿ ಆಕ್ಕೈತೇನ್ರಿ?"

"ಇಲ್ಲರಿ ಅತ್ತಿ."

"ಹಂಗಾದ್ರ ಅಲ್ಲಿ ನಿಮ್ಮ ಕಾನೂನು ನಡೀತೈತಿ ಬಿಡ್ರಿ," ಎಂದಳು. ಮೂದಲಿಕೆಯಲ್ಲ. ನನಗೆ ಸಮಾಧಾನ ಹೇಳುತ್ತಿದ್ದಳು!

ನಾನು ತಲೆ ಬಗ್ಗಿಸಿದೆ. ಬಗ್ಗಿಸಿದ ತಲೆಯ ಮೇಲೆ, ನಟ್ಟನಡು ನೆತ್ತಿಗೆ, ಟಪ್ಪೆಂದು ಒಂದು ಹನಿ ಬಿತ್ತು. ಮೇಲೆ ನೋಡಿದೆ. ಕಣ್ಣಿಗೆ ಇನ್ನೊಂದು ಬಿತ್ತು.

ದೇವರಾಣೆ, ಆ ಊರಿಗೆ ಕಾಲಿಟ್ಟಾಗಿನಿಂದ ನನಗೆ ಅಷ್ಟು ನೆಮ್ಮದಿ ಯಾವುದರಿಂದಲೂ ಆಗಿರಲಿಲ್ಲ!