ಮ್ಯಾನೇಜರ್ ಸರ್ವೋತ್ತಮನ ಆಯುಧಪೂಜೆ

ಅಂದು ಬೆಳಿಗ್ಗೆ ಡಂಬೆಲ್ಲುಗಳಿಗೆ ಕುಂಕುಮ ಹಚ್ಚುವಾಗ ಸರ್ವೋತ್ತಮನ ಕೈಗೆ ಹಿಡಿತವೇ ಇರಲಿಲ್ಲ. ಒಂದಕ್ಕೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ಅದು ಬೇಸರ ಮಾಡಿಕೊಂಡೀತು ಎಂಬ ಹಾಗೆ, ಕೋಣೆಯಲ್ಲಿದ್ದ ಕಬ್ಬಿಣವನ್ನೆಲ್ಲ ಹುಡುಕಿ ಹುಡುಕಿ ಹಚ್ಚಿದ. ಬಾರ್ಬೆಲ್ಲಿಗೆ ಸೇವಂತಿಗೆ ಮಾಲೆ ಹಾಕಿದ. ಬೆಂಚಿನ ಕಾಲಿಗೆ ಕಬ್ಬಿನ ಜಲ್ಲೆ ಕಟ್ಟಿದ. ಇಷ್ಟಾದರೂ ಮಾಡಿದರೆ ಮೆಂಬರುಗಳು ತನಗೆ ಸ್ವಲ್ಪ ಮರ್ಯಾದೆ ಕೊಟ್ಟಾರು ಎಂಬುದು ಪಾಪದವನ ಆಸೆ.

ಬೀಡಿ ಕಂಪೆನಿಯ ಕಾಯಂ ಗುಮಾಸ್ತಿಕೆಯನ್ನು ಬಿಟ್ಟು, ಮಂಗಳೂರಿನ ಕೊಟ್ಟಾರದ ಈ ಹೊಸ ಹೆಲ್ತ್ ಕ್ಲಬ್ಬಿಗೆ ಮ್ಯಾನೇಜರಾಗಿ ಸೇರಿದವನು ಅವನು. ಜನ್ಮದಲ್ಲಿ ಅವನು ಎತ್ತಿದ ಅತಿ ಭಾರದ ವಸ್ತು ಟೈಪ್‌ರೈಟರು. ಎತ್ತಿದ ಡಂಬೆಲ್ಲನ್ನು ಮತ್ತೆ ಜಾಗದಲ್ಲಿಡಿ ಅಂತ ಹೇಳಿದರೆ ಹುಡುಗರು, "ಮ್ಯಾನೇಜರು ನೀವಲ್ವಾ, ನೀವೇ ಇಡಿ" ಅನ್ನುತ್ತಿದ್ದರು. ಹೆಂಡತಿ ಗುಣವತಿಯಂತೂ, ಇದ್ದ ಕೆಲಸ ಬಿಟ್ಟ ದಿನದಿಂದ ಅವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಇನ್ನು ಉಳಿದದ್ದೊಂದೇ. ಕ್ಲಬ್ಬಿನ ಧಣಿ ರೇಮಂಡ್ ಬಹರೈನಿನಿಂದ ಬಂದು ನೋಡಿ ಕೆಲಸ ಕಾಯಂ ಮಾಡಬೇಕು. ಅವರು ಬರುವುದು ದೀಪಾವಳಿಗೆ ಎಂದು ಸರ್ವೋತ್ತಮ ನಿಶ್ಚಿಂತೆಯಿಂದಿದ್ದ.

ಭಟ್ಟರು ಮಂಗಳಾರತಿ ಎತ್ತಿ, "ನಾಳೆ ಬೆಳಿಗ್ಗೆ ಮರುಪೂಜೆ ಆಗುವ ತನಕ ಯಾರೂ ಮುಟ್ಟಬಾರದು" ಎಂದು ಹೇಳಿ ಹೋದರು. ಅವರು ಅಂಗಳ ದಾಟಿದ್ದರೋ ಇಲ್ಲವೋ, ಪಕ್ಕದ ಹೋಟೆಲಿಗೆ ಫೋನು ಬಂತು.

"ಸರ್ವೋತ್ತಮ, ನಾನು ರೇಮಂಡ್. ಬಜಪೆ ಏರ್‌ಪೋರ್ಟಿನಲ್ಲಿ ಇಳಿದಿದ್ದೇನೆ. ಸಂಜೆ ಬರ್ತೇನೆ. ಜನ ಬೆವರು ಸುರಿಸಿ ವ್ಯಾಯಾಮ ಮಾಡುವುದನ್ನು ಕಣ್ಣಾರೆ ನೋಡಬೇಕು. ಕ್ಲಬ್ಬು ಖಾಲಿ ಇದ್ದರೆ ನಾಳೆಯೇ ಬೀಗ, ನೋಡು."

ಸರ್ವೋತ್ತಮ ಫೋನು ಕುಕ್ಕಿದ. ಓಡಿ ಬಂದು ಮೆಂಬರುಗಳ ಮುಖ್ಯಸ್ಥನಂತಿದ್ದ ನಿತ್ಯಾನಂದನ ಕೈ ಹಿಡಿದ. ಗರಡಿಯಲ್ಲಿ ಪಳಗಿದ ಆಸಾಮಿ ಆಗ ಎರಡನೆಯ ಸಲ ಪ್ರಸಾದದ ಪಂಚಕಜ್ಜಾಯ ಮೆಲ್ಲುತ್ತಿದ್ದ.

"ನಿತ್ಯಣ್ಣ, ಧಣಿ ಬರ್ತಾರೆ, ಸಂಜೆ ಒಂದು ಗಳಿಗೆ ಎಂತಾದರೂ ಎತ್ತಿ. ಸಣ್ಣದಾದರೂ ಸಾಕು."

"ಪೂಜೆಗೆ ಇಟ್ಟದ್ದನ್ನು ಎತ್ತಲಿಕ್ಕೆ ಉಂಟಾ ಮಾರಾಯ್ರೆ? ಕುಂಕುಮ ಹಚ್ಚಿದ್ದು ನೀವೇ ಅಲ್ವಾ?"

"ಹಾಗಾದರೆ ಕೈ ಊರಿ ದಂಡ ಹೊಡೆಯಿರಿ. ಅದಕ್ಕೆ ಆಯುಧ ಬೇಡವಲ್ಲ."

ನಿತ್ಯಾನಂದ ತನ್ನ ಹಣೆ ತೋರಿಸಿದ. "ಭಟ್ಟರು ನಮಗೂ ಕುಂಕುಮ ಇಟ್ಟಿದ್ದಾರೆ. ಕುಸ್ತಿಯವನಿಗೆ ಶರೀರವೇ ಆಯುಧ. ಇದಕ್ಕೂ ಇವತ್ತು ರಜೆ."

ಉಳಿದವರೆಲ್ಲ ಹೌದು ಹೌದೆಂದು ತಲೆ ಅಲ್ಲಾಡಿಸಿ, ಎಲೆ ಬಿಸಾಡಿ, ಹುಲಿವೇಷ ನೋಡಲು ಹೋದರು. ಸರ್ವೋತ್ತಮ ಕಂಗಾಲಾಗಿ ನಿಂತ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ನೋಡಿದ. ಒಬ್ಬ ಪಂಚಕಜ್ಜಾಯ ಉಂಟಾ ಎಂದು ಕೇಳಿದ. ಇನ್ನೊಬ್ಬ ಕೇಳದೆಯೇ ತೆಗೆದುಕೊಂಡು ಹೋದ.

ಸಂಜೆಯಾಗುತ್ತಲೇ ಗುಣವತಿ ಪ್ರಸಾದಕ್ಕೆಂದು ನೆರೆಕರೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಅವರಲ್ಲಿ ದಿನವಿಡೀ ಬೀಡಿ ಕಟ್ಟಿ ಸೊಂಟ ಹಿಡಿದುಹೋದ ಗುಲಾಬಕ್ಕನೂ ಇದ್ದರು. ಜಗಲಿಯಲ್ಲಿ, ರೇಮಂಡ್ ವಿದೇಶದಿಂದ ಕಳಿಸಿದ್ದ ಒಂದು ಕರೆಂಟಿನ ಯಂತ್ರ ಮೂಲೆ ಹಿಡಿದಿತ್ತು. ಸೊಂಟಕ್ಕೆ ಪಟ್ಟಿ ಸುತ್ತಿ ಗಡಗಡ ಅಲ್ಲಾಡಿಸುವಂಥದ್ದು. ಇದೆಂಥ ವ್ಯಾಯಾಮ ಎಂದು ಗಂಡಸರು ಅದನ್ನು ಮೂಸಿಯೂ ನೋಡದ್ದರಿಂದ ಪೂಜೆಯ ಹೊತ್ತಿಗೆ ಅದರ ನೆನಪೇ ಯಾರಿಗೂ ಆಗಿರಲಿಲ್ಲ, ಅದಕ್ಕೆ ಕುಂಕುಮವೂ ಬಿದ್ದಿರಲಿಲ್ಲ.

"ಇದು ಎಂತದು ಸರ್ವೋತ್ತಮಣ್ಣ?" ಎಂದರು ಗುಲಾಬಕ್ಕ.

"ಸೊಂಟನೋವಿಗೆ ಒಳ್ಳೆಯದು. ನೋಡ್ತೀರಾ?" ಎಂದು ಅವನು ಪಟ್ಟಿ ಸುತ್ತಿಸಿ ಸ್ವಿಚ್ಚು ಹಾಕಿದ.

ಗುಲಾಬಕ್ಕ, ಹಗ್ಗ ಸುತ್ತಿ ಮೊಸರು ಕಡೆಯುವ ಕಡೆಗೋಲಿನ ಹಾಗೆ ಅಲ್ಲಾಡತೊಡಗಿದರು. ಮೊದಲು ದೇವರನ್ನು ಕರೆದರು, ಆಮೇಲೆ ನಗತೊಡಗಿದರು, ಕೊನೆಗೆ ಇಳಿಯಲು ಒಪ್ಪಲಿಲ್ಲ. ತಗೊಳ್ಳಿ, ಶುರುವಾಯಿತು ನೂಕುನುಗ್ಗಲು. ನನಗೆ ಮೊದಲು, ತನಗೆ ಮೊದಲು ಎಂದು ಸೆರಗು ಬಿಗಿದು ನಿಂತ ಹೆಂಗಸರ ನಡುವೆ ಸರ್ವೋತ್ತಮನ ಸ್ವರ ಯಾರಿಗೂ ಕೇಳಲಿಲ್ಲ.

"ಗಲಾಟೆ ಮಾಡಿದವರಿಗೆ ಪಟ್ಟಿ ಇಲ್ಲ" ಎಂದಳು ಗುಣವತಿ. ಅಷ್ಟೇ. ಎಲ್ಲರೂ ತೆಪ್ಪಗೆ ಸಾಲಾಗಿ ನಿಂತರು. "ಗುಲಾಬಕ್ಕ, ನಿಮ್ಮದು ಸಾಕು, ಇಳಿಯಿರಿ. ಕ್ರಿಸ್ಟಿನ್ ಬಾಯಿ, ನೀವು ಹತ್ತಿ."

ಗೇಟಿನ ಹತ್ತಿರ ರೇಮಂಡ್ ಬಾಯಿ ತೆರೆದುಕೊಂಡು ನಿಂತಿದ್ದರು. ಸರ್ವೋತ್ತಮ ಓಡಿ ಹೋಗಿ ಕೈ ಮುಗಿದ. "ಸರ್, ಇವತ್ತು ಪೂಜೆ, ಅದಕ್ಕೆ ಗಂಡಸರು..." ಎಂದು ತೊದಲಿದ.

"ಗಂಡಸರು ಹಾಳಾಗಿ ಹೋಗಲಿ" ಎಂದರು ರೇಮಂಡ್. "ಮಂಗಳೂರಿನಲ್ಲಿ ಹೆಂಗಸರಿಗೆ ಇಂಥ ಜಾಗ ಎಲ್ಲಿ ಉಂಟು ಹೇಳು? ನಾಳೆಯಿಂದ ಇದು ಲೇಡೀಸ್ ಕ್ಲಬ್. ಇಂಥ ಯಂತ್ರ ಇನ್ನೂ ನಾಲ್ಕು ತರಿಸ್ತೇನೆ. ನನಗೆ ಇಷ್ಟು ದಿನ ಹೊಳೆಯಲೇ ಇಲ್ಲ ಮಾರಾಯ. ನಿನ್ನ ತಲೆ ತಲೆ."

ಸರ್ವೋತ್ತಮನಿಗೆ ಹೋದ ಜೀವ ಮರಳಿ ಬಂತು. "ಹಾಗಾದರೆ ಮ್ಯಾನೇಜರ್ ಕೆಲಸ ಕಾಯಂ ಅಲ್ವಾ ಸರ್?"

"ಕಾಯಂ. ಆದರೆ ಹೆಂಗಸರ ಕ್ಲಬ್ಬಿನಲ್ಲಿ ಗಂಡಸು ಕುರ್ಚಿ ಹಾಕಿ ಕೂತರೆ ಯಾರ ಮನೆಯವರು ಕಳಿಸ್ತಾರೆ? ಅಲ್ಲಿ ಸಾಲು ನಿಲ್ಲಿಸ್ತಾ ಇದ್ದಾರಲ್ಲ, ಎಂಥ ಕಂಟ್ರೋಲು ನೋಡು. ಅವರೇ ಮ್ಯಾನೇಜರ್. ಯಾರು ಅವರು?"

"ನನ್ನ... ಹೆಂಡತಿ ಸರ್."

"ಮತ್ತೆ ಬೇಸರ ಎಂತಕ್ಕೆ? ಕೆಲಸ ಮನೆಯಲ್ಲೇ ಉಳಿಯಿತಲ್ಲ" ಎಂದು ಬೆನ್ನು ತಟ್ಟಿ ರೇಮಂಡ್ ಜಗಲಿ ಹತ್ತಿದರು. ಗುಣವತಿಯನ್ನು ಬದಿಗೆ ಕರೆದು ಮಾತಾಡಿದರು. ಅವಳು ಒಮ್ಮೆ ಗಂಡನ ಕಡೆ ನೋಡಿ, ಮರುಯೋಚನೆ ಮಾಡದೆ ತಲೆ ಆಡಿಸಿದಳು.

ಸರ್ವೋತ್ತಮನಿಗೆ ನಂಬಲೇ ಆಗಲಿಲ್ಲ. ಗರಬಡಿದವನಂತೆ ತನ್ನ ಚೀಲ ತರಲು ಮೆಟ್ಟಿಲು ಹತ್ತಿದ. ಗುಣವತಿ ಜಗಲಿಯ ಕಂಬಕ್ಕೆ ಅಡ್ಡ ಕೈ ಇಟ್ಟಳು. ಬಹಳ ದಿನಗಳ ಮೇಲೆ ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಹೆಂಗಸರಿದ್ದಾರೆ, ಒಳಗೆ ಬರಬೇಡಿ. ಚೀಲ ನಾನು ಕೊಡ್ತೇನೆ. ಮತ್ತೆ ಮನೆಗೆ ಹೋಗಿ ಅನ್ನಕ್ಕಿಡಿ, ಅಕ್ಕಿ ತೊಳೆದು ಇಟ್ಟಿದ್ದೇನೆ. ನನಗೆ ಬರುವಾಗ ತಡ ಆಗ್ತದೆ."