ನಾಲ್ಕು ಜನರನ್ನು ಕೇಳುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಬೆಳಗ್ಗೆ ಕನ್ನಡಿಯಲ್ಲಿ ಕಾಣುವ ಮುಖದ ಮೇಲೂ ಪೂರ್ತಿ ನಂಬಿಕೆಯಿಲ್ಲ! ಸುಳ್ಳು ಎನ್ನುವವರು ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಂತು ನೋಡಲಿ. ಬಸ್ಸಿನ ಮೇಲೆ ಕೊಳ್ಳೇಗಾಲ ಎಂದು ದಪ್ಪಗೆ ಬರೆದಿರುತ್ತದೆ. ಕಂಡಕ್ಟರು ಕೊಳ್ಳೇಗಾಲ, ಕೊಳ್ಳೇಗಾಲ ಎಂದು ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಆದರೂ ಚಿಕ್ಕಪ್ಪ ಡ್ರೈವರನ್ನು ಕೇಳುತ್ತಾನೆ, ಆಮೇಲೆ ಕಿಟಕಿ ಪಕ್ಕ ಕೂತ ಅಜ್ಜಿಯನ್ನು ಕೇಳುತ್ತಾನೆ.

"ಬೋರ್ಡ್ ಕಾಣಲ್ವಾ ಸಾ?" ಎಂದು ಕಂಡಕ್ಟರು ಒಮ್ಮೆ ರೇಗಿದ.

"ಬೋರ್ಡ್ನ ಯಾರ್ ಬೇಕಾದ್ರೂ ಬರೀಬೌದು ಕಣಪ್ಪ. ನಾಕ್ ಜನ ಒಂದೇ ಮಾತ ಏಳುದ್ರೆ ಮಾತ್ರ ಕಾಲಿಡೋನು ನಾನು."

ನಾಲ್ಕನೆಯವರನ್ನು ಹುಡುಕುವಷ್ಟರಲ್ಲಿ ಬಸ್ಸು ಹೊರಟೇ ಹೋಗಿತ್ತು!

ಇನ್ನು ಅವನ ಚಪ್ಪಲಿಯ ಕಥೆ. ಹೊಸ ಜೋಡಿ ಕೊಂಡರೆ ಹಳೆಯದನ್ನು ಎಸೆಯುವುದಿಲ್ಲ, ಚೀಲದಲ್ಲಿ ಹಾಕಿಕೊಂಡು ತಿಂಗಳುಗಟ್ಟಲೆ ತಿರುಗುತ್ತಾನೆ. ಬಂಡಳ್ಳಿಯ ಮದುವೆಗೂ ಹಾಗೇ ಬಂದ. "ಜನ ನೋಡುದ್ರೆ ಏನಂದಾರು?" ಎಂದು ಚಿಕ್ಕಮ್ಮ ಮುಖ ಮುಚ್ಚಿಕೊಂಡಳು. ಊಟ ಮುಗಿಸಿ ಹೊರಗೆ ಬಂದರೆ ಹೊಸ ಚಪ್ಪಲಿ ಮಾಯ! ಚಿಕ್ಕಪ್ಪನಿಗೆ ಬೇಸರವಾಯಿತೇ? ಎಲ್ಲಿಯ ಬೇಸರ! ಚೀಲದಿಂದ ಹಳೆಯ ಜೋಡಿ ತೆಗೆದು ಮೆಟ್ಟಿಕೊಂಡು ಗೆದ್ದವನಂತೆ ನನ್ನ ಕಡೆ ತಿರುಗಿದ. "ನೋಡ್ದಾ ಕಣವ್ವ? ಒಸದು ನೆಲೆ ನಿಲ್ಲಗಂಟ ಅಳೇದ್ನ ಬುಡ್ಬಾರ್ದು!" ಮದುವೆ ಮನೆಯವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಇಂಥವನಿಗೆ ಸಿಕ್ಕ ಕೆಲಸವಾದರೂ ಎಂಥದ್ದು! ಕೊಳ್ಳೇಗಾಲದ ಖಾಸಗಿ ಕಾಲೇಜೊಂದರ ಸರ್ವರ್ ರೂಮು ನೋಡಿಕೊಳ್ಳುವುದು. ಅಲ್ಲಿದ್ದದ್ದು ಒಂದು ದೊಡ್ಡ ಕಂಪ್ಯೂಟರು, ಅದರೊಳಗೆ ಆರು ವರ್ಚುವಲ್ ಮಷೀನುಗಳು. ಒಂದೇ ಡಬ್ಬದಲ್ಲಿದ್ದರೂ ಆರಕ್ಕೂ ತಾವು ಬೇರೆ ಮನೆ ಮಾಡಿದ್ದೇವೆಂಬ ಭ್ರಮೆ! ಒಂದು ಅಡ್ಮಿಷನ್ನಿನದು, ಒಂದು ಲೈಬ್ರರಿಯದು, ಒಂದು ಪರೀಕ್ಷೆಯದು, ಹೀಗೆ. ಪ್ರತಿ ಮಷೀನೂ ಏಳುವ ಮುಂಚೆ ತನ್ನನ್ನು ಎಬ್ಬಿಸಲು ಬಂದ ಸಾಫ್ಟ್‌ವೇರಿನ ಸಹಿ ನೋಡುತ್ತದೆ. ಯಾರ ಸಹಿ ನಂಬಬಹುದು ಎನ್ನುವುದಕ್ಕೆ ಅದರ ಬಳಿ ಸರ್ಟಿಫಿಕೇಟುಗಳ ಪಟ್ಟಿ ಇರುತ್ತದೆ. ಪಟ್ಟಿಗೆ ಹೊಂದದ ಸಹಿ ಕಂಡರೆ ಮಷೀನು ಏಳುವುದೇ ಇಲ್ಲ. ಥೇಟ್ ಚಿಕ್ಕಪ್ಪ!

ಮೂರು ವರ್ಷ ನಾನು ಅವನ ಕೈಕೆಳಗೇ ಕೆಲಸ ಕಲಿತೆ. ಸರ್ಟಿಫಿಕೇಟಿಗೂ ಅವಧಿಯಿದೆ, ಮುಗಿಯುವ ಮುನ್ನ ಹೊಸದು ಸೇರಿಸಬೇಕು. ಅದಕ್ಕೂ ಅವನದು ಚಪ್ಪಲಿ ಪಾಠವೇ: "ಮೊದ್ಲು ಒಸದ್ನ ಸೇರ್ಸವ್ವ. ಒಂದ್ ಮಷೀನ್ನ ಮಾತ್ರ ಎಬ್ಬುಸಿ ನೋಡು. ಎಲ್ಲಾ ಸರ್ಯಾಗ್ ಎದ್ಮೇಲೆ ಅಳೇದ್ನ ತಗಿ." ಇದೆಲ್ಲವನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದು, ಪ್ಲಾಸ್ಟಿಕ್ ರಟ್ಟು ಹಾಕಿದ್ದ. ನಾನು ಮೊಬೈಲು ನೋಡುತ್ತಾ ಹೂಂ ಎನ್ನುತ್ತಿದ್ದೆ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಒಂದು ದಿನ ಕಾಲೇಜಿನ ಕಾರ್ಯದರ್ಶಿಗಳು ನನ್ನೊಬ್ಬಳನ್ನೇ ಕರೆದರು. "ಆ ರೂಮಿಗೆ ಇಬ್ಬರು ಯಾಕಮ್ಮ? ನೀವೊಬ್ಬರೇ ನೋಡಿಕೊಳ್ಳಕ್ಕಾಗಲ್ವಾ?"

"ಆಗುತ್ತೆ ಸಾರ್."

ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಚಿಕ್ಕಪ್ಪನೂ ಬೇಕು ಎಂದು ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ತಿಂಗಳ ಕೊನೆಗೆ ಅವನು ಬುತ್ತಿ ಡಬ್ಬಿ ಚೀಲಕ್ಕೆ ಹಾಕಿಕೊಂಡು, "ಬೇಕಾಯ್ತದೆ, ಮಡಿಕೊ" ಎಂದು ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಮಾನಿಟರು ಸ್ವಲ್ಪ ತಗ್ಗಾಗಿತ್ತು. ಅದರ ಕೆಳಗೆ ಇಟ್ಟುಕೊಂಡೆ.

ಹಾಲ್ ಟಿಕೆಟ್ ಕೊಡುವ ಹಿಂದಿನ ಸಂಜೆ ಹೊಸ ಸರ್ಟಿಫಿಕೇಟು ಹಾಕಿದೆ. ಹಾಕಿದವಳು ಸುಮ್ಮನಿದ್ದೆನೇ? ಕಸ ಗುಡಿಸುವ ಉತ್ಸಾಹದಲ್ಲಿ ಆರರಿಂದಲೂ ಹಳೆಯದನ್ನು ಕಿತ್ತು ಹಾಕಿದೆ! ಒಳಗಿನ ಸಾಫ್ಟ್‌ವೇರಿನ ಮೇಲೆ ಇನ್ನೂ ಹಳೆಯ ಸಹಿಯೇ ಇದೆ ಎನ್ನುವುದು ಹೊಳೆಯಲೇ ಇಲ್ಲ. ರಾತ್ರಿ ಆರಿಸಿದ್ದ ಮಷೀನುಗಳನ್ನು ಬೆಳಗ್ಗೆ ಎಬ್ಬಿಸಿದರೆ ಆರಕ್ಕೆ ಆರೂ ಮುಷ್ಕರ. ಹೊರಗೆ ಉದ್ದ ಸಾಲು. ಲೊಕ್ಕನಹಳ್ಳಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ಇಣುಕಿದಳು. "ಮೇಡಂ, ಮದ್ಯಾನದ್ ಬಸ್ ಬುಟ್ರೆ ಊರ್ ಸೇರೋದ್ರಲ್ಲಿ ಕತ್ಲಾಯ್ತದೆ. ಆನೆ ಬತ್ತವೆ ಮೇಡಂ."

ನಾಚಿಕೆ ಬಿಟ್ಟು ಚಿಕ್ಕಪ್ಪನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಬಂದೆ ಇರವ್ವ" ಎಂದು ಇಟ್ಟುಬಿಟ್ಟ. ಯಳಂದೂರಿನಿಂದ ಮುಕ್ಕಾಲು ಗಂಟೆಯ ದಾರಿ. ಬಂದದ್ದು ಎರಡು ಗಂಟೆ ಕಾಲ ಕಳೆದ ಮೇಲೆ!

"ಇಷ್ಟೊತ್ತಾ ಚಿಕ್ಕಪ್ಪ? ಇವತ್ತೂ ನಾಕ್ ಜನನ ಕೇಳ್ಕೊಂಡ್ ನಿಂತಿದ್ದಾ?" ಎಂದು ರೇಗಿದೆ. ನನ್ನ ಬಾಯಿಗೆ ಏನು ಹೇಳಲಿ!

ಅವನ ಕಣ್ಣು ಮಾನಿಟರಿನ ಕೆಳಗೆ ಹೋಗಿತ್ತು. ನಾನು ಭೂಮಿಗಿಳಿದು ಹೋದೆ.

"ಒಳ್ಳೆ ಎತ್ತರಕ್ಕಾಗ್ಯದೆ ಬುಡು" ಎಂದು ನೋಟ್‌ಬುಕ್ಕನ್ನು ಮೆಲ್ಲಗೆ ಎಳೆದುಕೊಂಡ. ಹಿಂದಿನ ರಟ್ಟಿಗೆ ಅಂಟಿಸಿದ್ದ ಕವರಿನಲ್ಲಿ ಒಂದು ಪೆನ್ ಡ್ರೈವು. ಅದರಲ್ಲಿ ಆರೂ ಮಷೀನಿನ ಹಳೆಯ ಪಟ್ಟಿಗಳ ಪ್ರತಿ! ಮೂರು ತಿಂಗಳಿಂದ ನನ್ನ ಕಣ್ಣೆದುರೇ ಇತ್ತು. ಹಳೆಯದನ್ನು ಮರಳಿ ಸೇರಿಸಿ ಮೊದಲು ಒಂದನ್ನು ಎಬ್ಬಿಸಿದ, ಕಾದು ನೋಡಿದ, ಆಮೇಲೆ ಉಳಿದ ಐದು. ಲೊಕ್ಕನಹಳ್ಳಿಯ ಹುಡುಗಿಗೆ ಬಸ್ಸು ಸಿಕ್ಕಿತು.

ಕಾರ್ಯದರ್ಶಿಗಳು ಬಂದು ಏನಾಯಿತೆಂದು ಕೇಳಿದರು. "ಮಷೀನುಗ್ಳು ಮೊಂಡು ಬಿದ್ದಿದ್ದೋ ಸಾ. ಮಗೀದೇನೂ ತಪ್ಪಿಲ್ಲ" ಎಂದ ಚಿಕ್ಕಪ್ಪ. ಅವನನ್ನು ಮತ್ತೆ ಕೆಲಸಕ್ಕೆ ಕರೆಯಿರಿ ಎಂದು ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಅಂದೂ ಬಿಡಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. "ಚಿಕ್ಕಪ್ಪ, ಅವತ್ತು ನಾನೊಬ್ಳೇ ಸಾಕು ಅಂದಿದ್ದೆ" ಎಂದೆ.

"ಗೊತ್ತು ಕಣವ್ವ."

ಅಷ್ಟರಲ್ಲಿ ಅದೇ ಹಳೆಯ ಕಂಡಕ್ಟರು ನಗುತ್ತಾ ಬಂದ. "ಏನ್ ಸಾ, ಈಗ್ಲಾದ್ರೂ ಬೋರ್ಡ್ ನೋಡುದ್ರಾ?" ನನ್ನ ಕಡೆ ತಿರುಗಿ, "ಬೆಳಿಗ್ಗೆ ಓಡ್ ಬಂದು, ಯಾರ್ನೂ ಕೇಳ್ದೆ ಎದುರ್ ದಿಕ್ಕಿನ ಚಾಮರಾಜನಗರದ ಬಸ್ ಏರ್ಬುಟ್ಟವ್ರೆ ಕಣಕ್ಕ! ಸಂತೇಮರಹಳ್ಳೀಲಿ ಇಳ್ದು, ಕಾದು, ನಮ್ ಬಸ್ಸಿಗೆ ಬಂದ್ರು" ಎಂದ.

ಚಿಕ್ಕಪ್ಪ ಸಂಕೋಚದಿಂದ ಚೀಲ ಸರಿಮಾಡಿಕೊಂಡ. ಮತ್ತೆ ನನ್ನನ್ನು ಕೇಳಿದ. "ಇದು ಯಳಂದೂರ್ಗೆ ಓಯ್ತದೆ ತಾನೇ?"

"ಹೂಂ" ಎಂದೆ. ಬೇರೆ ಯಾರನ್ನೂ ಕೇಳದೆ ಹತ್ತಿ ಕೂತ.