ಕಿವಿ ನೋಡದೆ ಕಲ್ಲಿಗೆ ಹೆಸರಿಟ್ಟಿದ್ದು

ಕುರಿಯ ಕಿವಿ ನೋಡಿ ಅದು ಯಾರ ಮನೆಯದೆಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಸೀಮೆಯಲ್ಲಿಲ್ಲ. ಒಂದೊಂದು ಮನೆಯವರು ಒಂದೊಂದು ತರ ಕಿವಿ ಕೊಯ್ದು ಗುರುತು ಮಾಡಿರುತ್ತಾರೆ. ಗುರುತಿಲ್ಲದ ಕುರಿ ಹಿಂಡಿಗೆ ಬಂದು ಸೇರಿ, ಕೇಳುವವರು ಬರದಿದ್ದರೆ ಅದು ಮೊದಲು ಕಂಡವರದ್ದೇ. ಇಷ್ಟು ವಿದ್ಯೆಯ ಮೇಲೆ ನಾನು ಆಕಾಶಕ್ಕೆ ಕೈ ಹಾಕಿದೆ!

ಮೊಮ್ಮಗಳು ಮಂಜುಳ ಚಳ್ಳಕೆರೆಯಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿ ದೊಡ್ಡ ದುರ್ಬೀನಿನಲ್ಲಿ ತೆಗೆದ ಆಕಾಶದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೋರಿಸಿ, ಯಾವ ಚುಕ್ಕೆ ಜಾಗ ಬದಲಿಸಿದೆ ಎಂದು ಹುಡುಕಿಸುತ್ತಾರೆ. ಒಂದು ಸಂಜೆ ಓಡಿಬಂದಳು.

"ಅಜ್ಜಿ, ನಂಗೊಂದು ಚುಕ್ಕೆ ಸಿಕ್ಕೈತೆ! ಸೂರ್ಯನ್ನ ಸುತ್ತೋ ಕಲ್ಲದು, ಕ್ಷುದ್ರಗ್ರಹ. ಹೊಸದಾಗಿದ್ರೆ ಮುಂದೆ ನಾವೇ ಹೆಸರು ಹೇಳ್ಬೋದು. ಆದ್ರೆ..."

'ಆದ್ರೆ' ಆದಮೇಲಿನದನ್ನು ನಾನು ಕೇಳಲಿಲ್ಲ. ಫೋನು ಆಗಲೇ ಕೈಯಲ್ಲಿತ್ತು.

ಬಿ.ಜಿ. ಕೆರೆಯ ನನ್ನ ತಮ್ಮ ಬೋರಯ್ಯನಿಗೆ, "ಆಕಾಶದ ಕಲ್ಲಿಗೆ ನಿನ್ನ ಹೆಸರೇ ಕಣೋ" ಎಂದೆ.

"ಅಕ್ಕಾ, ನಾನು ಸಾಯದೇನೇ ಮೇಲಕ್ಕೆ ಹೋದೆ ಬಿಡು!" ಎಂದ.

ಅಲ್ಲಿಗೆ ನಿಲ್ಲಬೇಕಿತ್ತು. ರಾಂಪುರದ ಓಬಣ್ಣನವರ ಮಗನಿಗೂ ಮಂಜುಳಗೂ ಮದುವೆ ಗೊತ್ತಾಗಿತ್ತು. ಮದುವೆಯಾದಮೇಲೂ ಹುಡುಗಿ ಓದಲಿ ಎಂದರೆ ಬೀಗರು ಮೂತಿ ತಿರುಗಿಸಿದ್ದರು. ಅವರಿಗೂ ಫೋನು ಹಚ್ಚಿ, "ಕಲ್ಲಿಗೆ ತೀರಿಹೋದ ನಿಮ್ಮವ್ವ ಪಾಪಮ್ಮನ ಹೆಸರಿಡ್ತೀವ್ರಿ" ಎಂದೆ. ಕರಗಿದರು. ಓದಲಿ ಎಂದರು.

ಒಂದು ಕಲ್ಲು, ಎರಡು ಹೆಸರು. ಅದೇನು ಮಹಾ ಎಂದುಕೊಂಡೆ!

ಭಾನುವಾರ ಬೋರಯ್ಯ ಫ್ಲೆಕ್ಸ್ ಹಿಡಿದು ಬಂದ. ಅದರಲ್ಲಿ ಅವನ ಮೀಸೆ, ಕಪ್ಪು ಕನ್ನಡಕ, ಸುತ್ತ ನಕ್ಷತ್ರ. ಬೇವಿನ ಮರಕ್ಕೆ ಕಟ್ಟುತ್ತಿರುವಾಗಲೇ ಬೀಗರ ಟೆಂಪೋ ಬಂದು ನಿಂತಿತು. ಅವರೂ ಫ್ಲೆಕ್ಸ್ ಇಳಿಸಿದರು! ಪಾಪಮ್ಮನವರು ಚಂದ್ರನ ಪಕ್ಕ ಕೂತಿದ್ದರು.

"ಏನ್ರೀ ಬೀಗಿತ್ತಿ, ನಮ್ಮವ್ವನ ಕಲ್ಲಿನ್ಯಾಗೆ ಈ ಯಪ್ಪಂದೇನು ಕೆಲ್ಸ?"

"ಅಕ್ಕಾ, ನನ್ನ ಕಲ್ಲನ್ನ ಬೀಗ್ರಿಗೆ ಕೊಟ್ಟುಬಿಟ್ಟೆಯಾ?"

"ಈ ಮನೆ ಮಾತಿಗೆ ಬೆಲೆ ಇಲ್ಲಾಂದ್ರೆ ಓದೂ ಬ್ಯಾಡ, ಮದುವೇನೂ ಬ್ಯಾಡ!" ಓಬಣ್ಣನವರು ಟೆಂಪೋ ಹತ್ತಿದರು.

ಅಷ್ಟರಲ್ಲಿ ಮಂಜುಳ ಫೋನು ನೋಡುತ್ತಾ ಸಪ್ಪೆ ಮುಖ ಹಾಕಿಕೊಂಡು ಹೊರಗೆ ಬಂದಳು.

"ಅಜ್ಜಿ, ಆ ಕಲ್ಲು ಹೊಸದಲ್ವಂತೆ. ಯಾರೋ ಮೊದ್ಲೇ ಕಂಡವ್ರೆ. ಮಂಗಳಕ್ಕೂ ಗುರುಗ್ರಹಕ್ಕೂ ನಡುವೆ ಸುತ್ತತೈತೆ, ಆ ದಾರೀನೂ ಲೆಕ್ಕ ಹಾಕವ್ರೆ. ಹೆಸರಿಡೋ ಹಕ್ಕು ಅವ್ರದೇ."

"ನಿಜವಾಗ್ಲೂ ನಮ್ದಲ್ವೇನೇ?"

"ಅಲ್ಲಜ್ಜಿ."

ಹೋದ ಜೀವ ಬಂತು! ಅವಳನ್ನು ತಬ್ಬಿಕೊಂಡು, "ಕೇಳಿದ್ರೇನ್ರೀ? ಪಾಪಮ್ಮಂದೂ ಅಲ್ಲ, ಬೋರಯ್ಯಂದೂ ಅಲ್ಲ!" ಎಂದು ಕೂಗಿದೆ.

ಓಬಣ್ಣನವರು ಒಂದು ಕಾಲು ಕೆಳಗಿಟ್ಟರು. "ಆ ಯಪ್ಪಂಗೂ ಇಲ್ವಾ?"

"ಇಲ್ಲ."

"ಹಂಗಾದ್ರೆ ಮದುವೆ ಐತೆ. ಓದೂ ಐತೆ."

ಊಟಕ್ಕೆ ಕೂತಾಗ ಬೋರಯ್ಯ ಕೇಳಿದ: "ಅಕ್ಕಾ, ಊರೋರ ಕುರಿ ಕಿವಿಯೆಲ್ಲ ನೋಡ್ತೀಯ. ಈ ಕಲ್ಲಿನ ಕಿವಿ ಯಾರೋ ಕೊಯ್ದಿದ್ದು ಕಾಣ್ಲಿಲ್ವಾ?"

ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಬಾಯಿ ಮುಚ್ಚಿಸಿದೆ.

ಎರಡೂ ಫ್ಲೆಕ್ಸ್‌ಗಳನ್ನು ಈಗ ಕುರಿಮರಿಗಳ ಗೂಡಿಗೆ ಹೊದಿಸಿದ್ದೇನೆ. ಮರಿ ಬಿಡಲು ಬಗ್ಗಿದಾಗಲೆಲ್ಲ ಬೋರಯ್ಯನೂ ಪಾಪಮ್ಮನೂ ನಕ್ಷತ್ರಗಳ ನಡುವಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ನಾನು ತಲೆ ಎತ್ತುವುದಿಲ್ಲ!